ಕೊನೆಯ ಬೋಲ್ಟು

ಮುರಿದದ್ದನ್ನು ಮುಚ್ಚಿಡುವುದು ಮನುಷ್ಯನಿಗೆ ಯಾರೂ ಕಲಿಸದೆ ಬರುವ ವಿದ್ಯೆ. ಹಾಲಿನ ಪಾತ್ರೆ ಉರುಳಿಸಿದ ಮಗು ಬೆಕ್ಕಿನ ಕಡೆಗೆ ಬೆರಳು ತೋರಿಸುತ್ತದೆ. ಕನ್ನಡಿ ಒಡೆದ ಹುಡುಗ ಚೂರುಗಳನ್ನು ಮಂಚದ ಕೆಳಕ್ಕೆ ತಳ್ಳುತ್ತಾನೆ. ವಯಸ್ಸಾದವರು ಇನ್ನೂ ಜಾಣರು. ಮುರಿದದ್ದರ ಮೇಲೆ ಒಂದು ಮೌನವನ್ನು ಹೊದಿಸಿ, ಅದನ್ನೇ ಸಂಸಾರದ ಶಾಂತಿ ಎಂದು ಕರೆಯುತ್ತಾರೆ. ಆದರೆ ಕಬ್ಬಿಣಕ್ಕೆ ಈ ವಿದ್ಯೆ ತಿಳಿಯದು. ಅದರೊಳಗೆ ಅಡಗಿಸಿಟ್ಟ ಮುರುಕು ನಲವತ್ತು ವರ್ಷ ಕಳೆದರೂ ಇಟ್ಟಲ್ಲಿಯೇ ಇರುತ್ತದೆ. ತೆಗೆದು ನೋಡುವವನು ಬರುವವರೆಗೆ ಕಾಯುತ್ತದೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಮಹಾನಗರಕ್ಕೆ ವಾಯವ್ಯದಲ್ಲಿ, ಪಾಂಟಿಯಾಕ್ ಎಂಬ ಊರೊಂದುಂಟು. 1763ರಲ್ಲಿ ಬ್ರಿಟಿಷರ ಡೆಟ್ರಾಯಿಟ್ ಕೋಟೆಗೆ ಮುತ್ತಿಗೆ ಹಾಕಿದ ಒಡಾವಾ ಪಂಗಡದ ನಾಯಕನ ಹೆಸರು ಅದು. ಊರಿಗೆ ಬಂದ ಹೆಸರು ಮುಂದೆ ಅಲ್ಲಿ ತಯಾರಾದ ಮೋಟಾರು ಕಾರಿಗೂ ಬಂದಿತು. 1964ನೆಯ ವರ್ಷದ ಮಾದರಿಗಳಲ್ಲಿ ಈ ಕಾರ್ಖಾನೆಯವರು ಒಂದು ಸಾಹಸ ಮಾಡಿದರು. ನಡುಗಾತ್ರದ ಕಾರಿನಲ್ಲಿ ಇಷ್ಟಕ್ಕಿಂತ ದೊಡ್ಡ ಎಂಜಿನು ಇರಕೂಡದೆಂದು ಮೇಲಿನ ಕಂಪೆನಿಯ ಕಟ್ಟಳೆ ಇದ್ದರೂ, ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನನ್ನು ತಂದು ನಡುಗಾತ್ರದ ಮೈಯೊಳಗೆ ಕೂರಿಸಿ, ಅದಕ್ಕೆ ಜಿ.ಟಿ.ಓ. ಎಂದು ಹೆಸರಿಟ್ಟರು. ಹೊಸ ಮಾದರಿ ಎಂದು ಕರೆಯದೆ, ಇದ್ದ ಮಾದರಿಗೆ ಗಿರಾಕಿ ಬಯಸಿದರೆ ಸೇರಿಸಿಕೊಡುವ ಹೆಚ್ಚಿನ ಸಲಕರಣೆ ಎಂದದ್ದರಿಂದ ಕಟ್ಟಳೆಯೂ ಉಳಿಯಿತು, ಕಾರೂ ಹೊರಟಿತು. ಎಂಟು ಸಿಲಿಂಡರುಗಳ ಆ ಎಂಜಿನಿಗೆ 325 ಅಶ್ವಶಕ್ತಿ. ಇಂತಹ ಕಾರುಗಳನ್ನು ಅಮೆರಿಕದವರು ಮುಂದೆ ‘ಮಸಲ್ ಕಾರು’ ಎಂದು ಕರೆದರು; ಗರಡಿಯ ಪೈಲ್ವಾನನಿಗೆ ಹೇಳುವಂತೆ ಕಟ್ಟುಮಸ್ತಿನ ಕಾರು ಎನ್ನಬಹುದು. 1966ರ ಒಂದೇ ವರ್ಷದ ಮಾದರಿಯಲ್ಲಿ ಜಿ.ಟಿ.ಓ. ಕಾರುಗಳು 96,946 ಮಾರಾಟವಾದುವು.

ಆ ತೊಂಬತ್ತಾರು ಸಾವಿರದಲ್ಲಿ ಒಂದನ್ನು ಕೊಂಡಾತ ಊರಿನ ಎರಕದ ಮನೆಯಲ್ಲಿ ಕರಗಿದ ಕಬ್ಬಿಣ ಹೊಯ್ಯುತ್ತಿದ್ದ ಒಬ್ಬ ಕೆಲಸಗಾರ. ಮಿತಭಾಷಿ, ಮುಂಗೋಪಿ, ಸಾಲವೆಂದರೆ ಹೆದರುವ ಮನುಷ್ಯ. ಜೀವಮಾನದಲ್ಲಿ ಆತ ಮಾಡಿದ ಒಂದೇ ಒಂದು ದುಂದುಗಾರಿಕೆ ಆ ಕಾರು. ಆತನ ಮಗ ಓದಿ ಗಣಿತದ ಉಪಾಧ್ಯಾಯನಾದ. ಹುಡುಗರಿಗೆ ಬೀಜಗಣಿತ ಹೇಳಿಕೊಟ್ಟು, 2022ರಲ್ಲಿ ನಿವೃತ್ತಿ ಹೊಂದಿದ ಈ ಮೇಷ್ಟರಿಗೆ ಅದೇ ವರ್ಷ ತಾಯಿಯೂ ತೀರಿಕೊಂಡರು. ತಂದೆ ಕಾಲವಾಗಿ ಆಗಲೇ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಹಳೆಯ ಮನೆ ಮಾರಾಟಕ್ಕೆ ಬಂದಾಗ, ಹಿತ್ತಿಲ ಷೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ 1980ರಿಂದ ಅಲ್ಲಾಡದೆ ನಿಂತಿದ್ದ ಕಾರು ಮೇಷ್ಟರ ಪಾಲಿಗೆ ಬಂದಿತು. ಪಾಂಟಿಯಾಕ್ ಎಂಬ ಹೆಸರಿನ ಕಾರುಗಳ ತಯಾರಿಕೆ 2010ಕ್ಕೇ ನಿಂತುಹೋಗಿತ್ತು. ಕೊಳ್ಳುವವರು ಒಳ್ಳೆಯ ಬೆಲೆ ಹೇಳಿದರು. ಮೇಷ್ಟರು ಕೊಡಲಿಲ್ಲ. ಏಕೆಂದು ಪತ್ನಿ ಕೇಳಿದಾಗ, “ಒಂದು ಕೆಲಸ ಬಾಕಿ ಇದೆ” ಎಂದಷ್ಟೇ ಹೇಳಿದರು.

ಎಂಜಿನಿನ ಸಿಲಿಂಡರುಗಳಲ್ಲಿ ಪೆಟ್ರೋಲು ಉರಿದ ಮೇಲೆ ಬರುವ ಹೊಗೆ ಹೊರಗೆ ಹೋಗಬೇಕಷ್ಟೆ. ನಾಲ್ಕು ಸಿಲಿಂಡರುಗಳ ನಾಲ್ಕು ಬಾಯಿಗಳಿಂದ ಹೊರಡುವ ಹೊಗೆಯನ್ನು ಒಂದೇ ದಾರಿಗೆ ಕೂಡಿಸಿ ಸೈಲೆನ್ಸರಿನ ಕೊಳವೆಗೆ ಸಾಗಿಸುವ ಎರಕದ ಕಬ್ಬಿಣದ ಅಂಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂದು ಹೆಸರು. ಎಂಜಿನಿನ ಎಡಕ್ಕೊಂದು, ಬಲಕ್ಕೊಂದು. ನಾಲ್ಕು ಬೆರಳು ಕೂಡಿ ಒಂದು ಮಣಿಕಟ್ಟಾದಂತೆ ಅದರ ಆಕಾರ. ಕಾರಿನಲ್ಲಿ ಇಷ್ಟು ಕಷ್ಟಪಡುವ ಅಂಗ ಇನ್ನೊಂದಿಲ್ಲ. ಒಳಗೆ ಹರಿಯುವ ಹೊಗೆಯ ಕಾವು ಎಂಜಿನು ಭಾರ ಎಳೆಯುವಾಗ ಏಳೆಂಟುನೂರು ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ ಏರುತ್ತದೆ. ಹೊರಗೆ ಮಿಷಿಗನ್ನಿನ ಹಿಮ. ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಚೆಲ್ಲುವ ಉಪ್ಪು ಕೆಸರಿನೊಡನೆ ಹಾರಿ ಮೇಲೆ ಕೂರುತ್ತದೆ. ಆ ಸೀಮೆಯಲ್ಲಿ ಉಪ್ಪಿಗೆ ಬರವಿಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ ಉಪ್ಪಿನ ಗಣಿಯಿದೆ. ಕಾರ್ಖಾನೆಯಿಂದ ಬರುವಾಗ ಈ ಅಂಗಕ್ಕೆ ಬಣ್ಣವೂ ಇರುತ್ತಿರಲಿಲ್ಲ. ಬರಿಮೈಯಲ್ಲಿ ಬಂದದ್ದು ಕೆಲವೇ ವಾರಗಳಲ್ಲಿ ಕಾವಿ ಉಡುತ್ತಿತ್ತು.

ಇದನ್ನು ಬಿಚ್ಚುವುದು ಹೇಳುವಷ್ಟು ಸುಲಭವಲ್ಲ. ಎಂಜಿನಿನ ಹೆಡ್ಡಿಗೆ ಇದನ್ನು ಬಿಗಿಯುವ ಬೋಲ್ಟುಗಳ ದಪ್ಪ ಒಂದು ಅಂಗುಲದ ಎಂಟರಲ್ಲಿ ಮೂರು ಪಾಲು, ನೋಡಲು ಗಟ್ಟಿಮುಟ್ಟು. ಆದರೆ ತುಕ್ಕಿಗೆ ಒಂದು ಗುಣವುಂಟು. ಅದು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಮರೆಯ ಸುತ್ತುಗಳ ಸಂದಿಯಲ್ಲಿ ಬೆಳೆದು ಬೋಲ್ಟನ್ನು ಒಳಗಿನಿಂದ ಅಪ್ಪಿ ಹಿಡಿಯುತ್ತದೆ. ಅವಸರದಿಂದ ಸ್ಪ್ಯಾನರು ತಿರುಗಿಸಿದವನ ಕೈಗೆ ಬೋಲ್ಟಿನ ತಲೆ ಮಾತ್ರ ಬರುತ್ತದೆ. ಮೈ ಒಳಗೇ ಉಳಿಯುತ್ತದೆ. ಎರಡು ತುದಿಗಳಲ್ಲಿರುವ ಬೋಲ್ಟುಗಳಿಗೆ ಈ ಗಂಡಾಂತರ ಹೆಚ್ಚು. ಉದ್ದನೆಯ ಕಬ್ಬಿಣ ಹಿಗ್ಗಿ ಕುಗ್ಗುವಾಗ ತುದಿಗಳೇ ಹೆಚ್ಚು ಸರಿಯುವುದರಿಂದ, ವರ್ಷಗಟ್ಟಲೆ ಆ ಜಗ್ಗಾಟವನ್ನು ಸಹಿಸಿ ಅವು ಮೊದಲೇ ಬಳಲಿರುತ್ತವೆ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಮೇಷ್ಟರು ಕೇಳಿರಲಿಲ್ಲ. ಆದರೂ 2023ರ ವಸಂತದಲ್ಲಿ ಅದರಂತೆಯೇ ನಡೆದರು. ಮೊದಲನೆಯ ವಾರವೆಲ್ಲ ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ದಿನಕ್ಕೆರಡು ಸಲ ಬೋಲ್ಟುಗಳ ಬುಡಕ್ಕೆ ಬಿಟ್ಟರು. ಎರಡನೆಯ ವಾರ ಒಂದೊಂದು ಬೋಲ್ಟಿನ ತಲೆಯ ಮೇಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಆ ಕಂಪನಕ್ಕೆ ಎಣ್ಣೆ ಇನ್ನಷ್ಟು ಒಳಗಿಳಿಯುತ್ತದೆ. ಮೂರನೆಯ ವಾರ ಎಣ್ಣೆಯನ್ನೆಲ್ಲ ಒರೆಸಿ, ಗ್ಯಾಸಿನ ಜ್ವಾಲೆಯಿಂದ ಬೋಲ್ಟಿನ ಸುತ್ತಲಿನ ಕಬ್ಬಿಣವನ್ನು ಕಾಯಿಸಿ, ಬುಡಕ್ಕೆ ಮೇಣದ ಬತ್ತಿಯನ್ನು ಮುಟ್ಟಿಸಿದರು. ಕರಗಿದ ಮೇಣ ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಸಂದಿಯೊಳಗೆ ಇಳಿಯಿತು. ಆಮೇಲೆ ಸ್ಪ್ಯಾನರು. ಅದೂ ಬಿಚ್ಚುವ ಕಡೆಗಲ್ಲ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಅನಂತರ ಬಿಚ್ಚುವ ಕಡೆಗೆ, ಮತ್ತೆ ಬಿಗಿಯುವ ಕಡೆಗೆ. ಮುನಿಸಿಕೊಂಡ ಮಗುವಿನೊಡನೆ ಮಾತನಾಡುವ ರೀತಿ ಅದು.

ಮೊಮ್ಮಗಳು ಶನಿವಾರಗಳಲ್ಲಿ ಬರುತ್ತಿದ್ದಳು. ಹದಿನಾಲ್ಕು ವರ್ಷದ ಹುಡುಗಿ. ಕೈಗೆ ಮಸಿ ಮೆತ್ತಿಕೊಳ್ಳಲು ಅವಳಿಗೆ ಬೇಸರವಿರಲಿಲ್ಲ. ಎಡಬದಿಯ ಮ್ಯಾನಿಫೋಲ್ಡನ್ನು ಅವಳಿಗೇ ವಹಿಸಿದ್ದರು. ಬೋಲ್ಟುಗಳು ಸಡಿಲಾಗದಿರಲೆಂದು ಕೆಲವುದರ ಕೆಳಗೆ ಬೀಗದ ತಗಡುಗಳಿದ್ದುವು. ಅವುಗಳ ಮಡಿಸಿದ ಕಿವಿಗಳನ್ನು ಉಳಿಯಿಂದ ನೇರ ಮಾಡಿ, ನಾಲ್ಕು ಬೋಲ್ಟುಗಳನ್ನು ಅಜ್ಜ ಹೇಳಿದಂತೆ ಹಿಂದೆ ಮುಂದೆ ತೂಗಿ ಹೊರಗೆ ತಂದಳು. ಐದನೆಯದು ಟಿಕ್ಕೆಂದಿತು.

“ಅಜ್ಜ, ಮುರಿದುಬಿಟ್ಟೆ” ಎಂದಳು ಹುಡುಗಿ.

ಅಷ್ಟೇ. ಅಳಲಿಲ್ಲ, ಅಡಗಿಸಲಿಲ್ಲ, ಬೋಲ್ಟು ಹಳೆಯದೆಂದು ದೂರಲಿಲ್ಲ. ತಲೆಯನ್ನು ಅಂಗೈಯಲ್ಲಿಟ್ಟು ಅಜ್ಜನ ಮುಂದೆ ಹಿಡಿದಳು. ಮೇಷ್ಟರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡುತ್ತ ನಿಂತುಬಿಟ್ಟರು. ಬೈಯಬಹುದೆಂದು ಹುಡುಗಿ ಈಗ ಸ್ವಲ್ಪ ಹೆದರಿದಳು. “ಪರವಾಯಿಲ್ಲ ಮಗು. ಇದಕ್ಕೊಂದು ಉಪಾಯವಿದೆ” ಎಂದರು ಮೇಷ್ಟರು, ಆದರೆ ಅವರ ದನಿ ಎಲ್ಲಿಂದಲೋ ಬಂದಂತಿತ್ತು.

ಉಪಾಯವೇನೋ ಇತ್ತು. ಮುರಿದ ಬೋಲ್ಟಿನ ಮೈ ಹೆಡ್ಡಿನಿಂದ ಒಂದಿಷ್ಟು ಹೊರಗೆ ಉಳಿದಿತ್ತು. ನೆರೆಮನೆಯ ವೆಲ್ಡಿಂಗ್ ಬಲ್ಲ ಗೆಳೆಯ ಬಂದು, ಅದರ ಮೇಲೊಂದು ನಟ್ಟನ್ನು ಕೂರಿಸಿ, ಒಳಗಿನಿಂದ ಬೆಸೆದ. ಬೆಸುಗೆಯ ಕಾವು ತುಕ್ಕಿನ ಹಿಡಿತವನ್ನು ಬಿಡಿಸಿತು. ನಟ್ಟಿಗೆ ಸ್ಪ್ಯಾನರು ಹಾಕಿ ತಿರುಗಿಸಿದಾಗ, ಐವತ್ತೇಳು ವರ್ಷ ಕುಳಿತಿದ್ದ ಬೋಲ್ಟು ಸುತ್ತುಸುತ್ತಾಗಿ ಈಚೆಗೆ ಬಂದಿತು. ಹುಡುಗಿ ಚಪ್ಪಾಳೆ ತಟ್ಟಿದಳು.

ಮೇಷ್ಟರ ಮನಸ್ಸು ಮಾತ್ರ 1979ನೆಯ ಇಸವಿಗೆ ಹೋಗಿತ್ತು.

ಆಗ ಅವರಿಗೆ ಹದಿನೇಳು ವರ್ಷ. ಎರಕದ ಮ್ಯಾನಿಫೋಲ್ಡುಗಳನ್ನು ಕಿತ್ತೆಸೆದು, ಅವುಗಳ ಜಾಗದಲ್ಲಿ ಉಕ್ಕಿನ ನೀಳ ಕೊಳವೆಗಳನ್ನು ಹಾಕಿಸಿಕೊಳ್ಳುವುದು ಹುಡುಗರಲ್ಲಿ ದೊಡ್ಡ ಷೋಕಿ. ಹೊಗೆ ಸರಾಗವಾಗಿ ಹೋಗಿ ಎಂಜಿನಿನ ಬಲ ಹೆಚ್ಚುವುದು ನಿಜವೇ. ಸದ್ದು ಹೆಚ್ಚುವುದು ಇನ್ನೂ ನಿಜ. ಬೇಸಗೆಯೆಲ್ಲ ನೆರೆಯವರ ಹುಲ್ಲು ಕತ್ತರಿಸಿ ಕೂಡಿಸಿದ ಹಣದಲ್ಲಿ ಹುಡುಗ ಅಂತಹ ಕೊಳವೆಗಳನ್ನು ಕೊಂಡ. ತಂದೆ ಎರಡು ದಿನ ಪರಸ್ಥಳಕ್ಕೆ ಹೋಗಿದ್ದಾಗ, ಹಿಂದಿರುಗುವುದರೊಳಗೆ ಕಾರಿಗೆ ಹೊಸ ಕಂಠ ಕೊಟ್ಟು ಬೆರಗುಗೊಳಿಸಬೇಕೆಂದು ಎಣಿಸಿದ. ಕಷ್ಟದ ಲೆಕ್ಕವನ್ನು ಮೊದಲು ಮಾಡಿಬಿಡಬೇಕೆಂಬ ಬುದ್ಧಿ ಆಗಲೇ ಇತ್ತು. ಬಲಬದಿಯ ಮ್ಯಾನಿಫೋಲ್ಡಿನ ತೀರ ಹಿಂದಿನ ಬೋಲ್ಟಿಗೆ, ಕೈಯೇ ಹೋಗದ ಇಕ್ಕಟ್ಟಿನಲ್ಲಿ, ಸ್ಪ್ಯಾನರು ಹಾಕಿದ. ಬಲ ಸಾಲದೆ ಅದರ ಹಿಡಿಗೆ ಮಾರುದ್ದದ ಕೊಳವೆ ಸಿಕ್ಕಿಸಿ ಜಗ್ಗಿದ. ಬೋಲ್ಟು ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ತುಂಡಾಯಿತು.

ಮುಂದಿನದು ಹೆದರಿಕೆಯ ಕೆಲಸ. ಸೈಲೆನ್ಸರಿನ ಬಿರುಕಿಗೆ ಮೆತ್ತುವ ಗಾರೆಯಿಂದ ಬೋಲ್ಟಿನ ತಲೆಯನ್ನು ಮೊದಲಿದ್ದಲ್ಲಿಯೇ ಅಂಟಿಸಿ, ಬೀಗದ ತಗಡಿನ ಕಿವಿಯನ್ನು ಮತ್ತೆ ಮಡಿಸಿ, ಮೇಲೆ ಧೂಳು ಬಳಿದ. ಹೊಸ ಕೊಳವೆಗಳನ್ನು ಗೆಳೆಯನಿಗೆ ಅರ್ಧ ಬೆಲೆಗೆ ಮಾರಿದ. ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ, ಬೆಳಗಿನ ಚಳಿಯಲ್ಲಿ ಎಂಜಿನು ಹೊರಟಾಗ, ಗಡಿಯಾರದಂತೆ ಒಂದು ಟಿಕ್ ಟಿಕ್ ಸದ್ದು ಕೇಳಿಸಿತು. ಎಂಜಿನು ಬಿಸಿಯಾದಂತೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿ, ಸದ್ದು ಇಳಿಯಿತು.

“ಏನದು?” ಎಂದು ಕೇಳಿದರು ತಂದೆ.

“ಟ್ಯಾಪೆಟ್ ಇರಬೇಕು ಅಪ್ಪ” ಎಂದ ಹುಡುಗ.

ತಂದೆ ಮಗನ ಮುಖವನ್ನು ಒಂದು ಕ್ಷಣ ನೋಡಿ, “ಇರಬಹುದು” ಎಂದರು. ಅಂದಿನಿಂದ ಯಾರು ಕೇಳಿದರೂ ಅವರ ಉತ್ತರ ಅದೇ, ಟ್ಯಾಪೆಟ್ಟಿನ ಸದ್ದು. ಎರಕದ ಮನೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು ಇಷ್ಟು ಸುಲಭವಾಗಿ ಮೋಸಹೋದರಲ್ಲ ಎಂದು ಹುಡುಗನಿಗೆ ಆಶ್ಚರ್ಯ, ಸಮಾಧಾನ, ಒಳಗೊಳಗೇ ಒಂದು ಬಗೆಯ ಅಸಡ್ಡೆ ಕೂಡ. ಆ ಅಸಡ್ಡೆಯೇ ಮುಂದೆ ಮುಳ್ಳಾಯಿತು. ತಂದೆಯ ಕೊನೆಯ ಕಾಯಿಲೆಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕುಳಿತು, ಹೇಳಿಬಿಡಬೇಕೆಂದು ಮೇಷ್ಟರು ಎರಡು ಸಲ ಬಾಯಿ ತೆರೆದದ್ದುಂಟು. ಸಾಯುವವರ ಮುಂದೆ ಬೋಲ್ಟಿನ ಮಾತೇ ಎನಿಸಿ ಸುಮ್ಮನಾದರು. ಬಾಕಿ ಇದ್ದ ಕೆಲಸ ಇದು.

ಮುಂದಿನ ಶನಿವಾರ ಬಲಬದಿಯ ಸರದಿ. ಹಿಂದಿನ ಬೋಲ್ಟೊಂದನ್ನು ಬಿಟ್ಟು ಉಳಿದವೆಲ್ಲ ಕ್ಷೇಮವಾಗಿ ಹೊರಬಂದುವು. ಕೊನೆಯದರ ಬಳಿಗೆ ಬಂದಾಗ ಮೇಷ್ಟರು ಮೊಮ್ಮಗಳನ್ನು ನೀರು ತರಲು ಕಳಿಸಿದರು. ತಾವು ಮೆತ್ತಿದ ಗಾರೆಯನ್ನು ಒಬ್ಬರೇ ನೋಡಬೇಕೆಂದು ಅವರ ಆಸೆ. ಆದರೆ ದೀಪ ಹಿಡಿದು ನೋಡಿದರೆ ಅಲ್ಲಿ ಅವರ ಗಾರೆ ಇರಲಿಲ್ಲ. ಬೀಗದ ತಗಡಿನ ಕಿವಿ ಅವರು ಮಡಿಸಿದಂತೆ ಸೊಟ್ಟಗಿರಲಿಲ್ಲ. ಅಳತೆಯಿಟ್ಟು ಮಡಿಸಿದಂತೆ ನೇರವಾಗಿತ್ತು. ಮ್ಯಾನಿಫೋಲ್ಡನ್ನು ಈಚೆಗೆ ಎಳೆದಾಗ ಹಿಂದಿನ ಬಾಯಿಯ ಸುತ್ತ ತಾಮ್ರದ ತೆಳು ತಗಡೊಂದು, ಹೊಗೆ ಸೋರುವ ಸಂದನ್ನು ಮುಚ್ಚಲೆಂದು ಕತ್ತರಿಸಿ ಮಡಿಸಿದ್ದು, ಕಾಣಿಸಿತು. ಹೆಡ್ಡಿನಲ್ಲಿ ಉಳಿದಿದ್ದ ಬೋಲ್ಟಿನ ನಡುವೆ ಬೈರಿಗೆಯಿಂದ ಕೊರೆದ ರಂಧ್ರ. ಆ ರಂಧ್ರದೊಳಗೆ, ಮುರಿದ ಬೋಲ್ಟುಗಳನ್ನು ಹೊರಗೆಳೆಯಲೆಂದೇ ಮಾಡಿದ ಗಡಸು ಉಕ್ಕಿನ ಸಲಕರಣೆಯ ತುದಿ. ಅದೂ ಮುರಿದು ಅಲ್ಲಿಯೇ ಉಳಿದಿತ್ತು.

ಆ ಷೆಡ್ಡಿಗೆ, ಆ ಕಾರಿಗೆ ಕೈಹಚ್ಚಿದ ಇನ್ನೊಬ್ಬರು ಒಬ್ಬರೇ. ತಂದೆಗೆ ತಿಳಿದಿತ್ತು. ಮಗನಿಲ್ಲದ ವೇಳೆಯಲ್ಲಿ ಮ್ಯಾನಿಫೋಲ್ಡ್ ಬಿಚ್ಚಿ, ಮುರುಕನ್ನು ತೆಗೆಯಲು ಯತ್ನಿಸಿ, ತಾವೂ ಒಂದನ್ನು ಮುರಿದು, ಮಗನ ಬೋಲ್ಟಿನ ತಲೆಯನ್ನು ಮಗನಿಗಿಂತ ಅಚ್ಚುಕಟ್ಟಾಗಿ ಅದರ ಜಾಗದಲ್ಲಿಯೇ ಅಂಟಿಸಿ, ಕೈತೊಳೆದುಕೊಂಡು ಬಂದು ಊಟಕ್ಕೆ ಕುಳಿತಿದ್ದರು. ಟ್ಯಾಪೆಟ್ಟಿನ ಸದ್ದು ಎಂದಿದ್ದರು.

ಮೇಷ್ಟರು ಷೆಡ್ಡಿನ ಹೊಸ್ತಿಲ ಮೇಲೆ ಕುಳಿತರು. ಒಂದೊಂದಾಗಿ ಹಳೆಯ ಸಂಗತಿಗಳು ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತುವು. ಆ ವರ್ಷದ ಚಳಿಗಾಲದಲ್ಲಿ, ಹಿಮ ಸುರಿಯುತ್ತಿದ್ದರೂ, ತಂದೆ ಕಾರಿನ ಕಿಟಕಿಯ ಗಾಜನ್ನು ಒಂದಂಗುಲ ಇಳಿಸಿಯೇ ಓಡಿಸುತ್ತಿದ್ದರು. ತಾಯಿ ಗೊಣಗಿದರೆ, “ಗಾಳಿಗೆ” ಎನ್ನುತ್ತಿದ್ದರು. ಆ ಹಿಂದಿನ ಬಾಯಿ ಕಾರಿನ ಕೋಣೆಯ ಗೋಡೆಗೆ ತೀರ ಸಮೀಪ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹೀಮೋಗ್ಲೋಬಿನ್ ಪ್ರಾಣವಾಯುವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾಗಿ ಅದನ್ನು ಹಿಡಿಯುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಏಳದ ನಿದ್ದೆ. ಆ ಚಳಿಗಾಲದಲ್ಲಿ ತಾಯಿ ಒಂದೆರಡು ಸಲ ತಲೆನೋವೆಂದದ್ದು ಮೇಷ್ಟರಿಗೆ ಈಗ ನೆನಪಾಯಿತು. ಬೆನ್ನಿನಲ್ಲಿ ಚಳಿ ಹರಿಯಿತು. ಮರುವರ್ಷ, 1980ರ ವಸಂತದಲ್ಲಿ, ತಂದೆ ಕಾರನ್ನು ಷೆಡ್ಡಿಗೆ ಸೇರಿಸಿ ಟಾರ್ಪಾಲು ಹೊದಿಸಿಬಿಟ್ಟರು. “ಪೆಟ್ರೋಲು ದುಬಾರಿ” ಎಂದರು. ಅದೂ ಸುಳ್ಳಲ್ಲ, ಇರಾನಿನ ಕ್ರಾಂತಿಯ ತರುವಾಯ ಪೆಟ್ರೋಲಿನ ಬೆಲೆ ಏರಿಹೋಗಿತ್ತು. ಆ ವರ್ಷವೇ ಮೋಟಾರು ಉದ್ಯಮ ಕುಸಿದು, ಕೆಲಸ ಕಳೆದುಕೊಂಡ ಸಾವಿರಾರು ಜನರಲ್ಲಿ ಅವರೂ ಒಬ್ಬರಾದರು. ಹೆಡ್ಡು ಬಿಚ್ಚಿಸಿ ರಿಪೇರಿ ಮಾಡಿಸಲು ಹಣವಿರಲಿಲ್ಲ. ಸೋರುವ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಲು ಮನಸ್ಸಿರಲಿಲ್ಲ. ಮಗನ ಹೆಸರು ಹೇಳಲೂ ಮನಸ್ಸಿರಲಿಲ್ಲ. ಜೀವಮಾನದ ಒಂದೇ ಒಂದು ದುಂದುಗಾರಿಕೆಯನ್ನು ಆ ಮುಂಗೋಪಿ ಮನುಷ್ಯ ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದರು.

ಮೊಮ್ಮಗಳು ನೀರು ತಂದಾಗ ಅಜ್ಜನ ಕಣ್ಣು ಒದ್ದೆಯಾಗಿತ್ತು. ಹೊಗೆಯಿರಲಿಲ್ಲವಾದ್ದರಿಂದ ಹೊಗೆಯ ನೆಪ ಹೇಳುವಂತಿರಲಿಲ್ಲ. ಮೇಷ್ಟರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಕೇಳಿ ಮುಗಿಸಿದ ಹುಡುಗಿ, “ಇಬ್ಬರೂ ಒಂದೇ ತೂತಿನಲ್ಲಿ ಮುರಿದು, ಇಬ್ಬರೂ ಸುಮ್ಮನಿದ್ದಿರಾ?” ಎಂದಳು. ಮೇಷ್ಟರಿಗೆ ನಗೆ ಬಂದಿತು.

ಗಡಸು ಉಕ್ಕಿನ ಆ ತುದಿ ಬೈರಿಗೆಗೆ ಬಗ್ಗುವಂಥದಲ್ಲ. ಹೆಡ್ಡನ್ನೇ ಬಿಚ್ಚಿ, ಇಬ್ಬರು ಹಿಡಿದು ಎತ್ತಿ, ಯಂತ್ರದ ಕಮ್ಮಟಕ್ಕೆ ಒಯ್ದರು. ಅಲ್ಲಿನ ಮೇಸ್ತ್ರಿ ಅದನ್ನು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ, ಸಣ್ಣದೊಂದು ವಿದ್ಯುತ್ ಕಡ್ಡಿಯನ್ನು ಮುರುಕಿನ ಮೇಲೆ ನಿಲ್ಲಿಸಿದ. ಕಡ್ಡಿ ಲೋಹವನ್ನು ಮುಟ್ಟುವುದಿಲ್ಲ; ಎರಡರ ನಡುವಿನ ಕೂದಲೆಳೆಯ ಅಂತರದಲ್ಲಿ ಸೆಕೆಂಡಿಗೆ ಸಾವಿರಾರು ಕಿಡಿಗಳು ಹಾರಿ, ಒಂದೊಂದು ಕಿಡಿಯೂ ಕಣದಷ್ಟು ಉಕ್ಕನ್ನು ಕಬಳಿಸುತ್ತದೆ. ಉಕ್ಕು ಎಷ್ಟು ಗಡಸಾದರೂ ಕಿಡಿಗೆ ಒಂದೇ. ತಂದೆಯ ಮುರುಕು ಮೊದಲು ಕರಗಿತು. ಮಗನದು ಅದರ ಸುತ್ತ ತೆಳ್ಳಗಿನ ಚಿಪ್ಪಾಗಿ ಉಳಿದು, ಚಿಮಟಕ್ಕೆ ಸುಲಭವಾಗಿ ಬಂದಿತು. ಹೆಡ್ಡಿನೊಳಗಿನ ಮರೆಯ ಸುತ್ತುಗಳಿಗೆ ಒಂದು ಗೀರೂ ಆಗಿರಲಿಲ್ಲ.

ಇನ್ನು ಮ್ಯಾನಿಫೋಲ್ಡುಗಳಿಗೆ ಸ್ನಾನ. ಈ ಕೆಲಸದಲ್ಲಿ ಮೇಷ್ಟರು ಕಟ್ಟುನಿಟ್ಟು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ರಸ್ತೆಯ ವಾಹನಗಳಿಗೆ ಅದನ್ನು ಅಮೆರಿಕದಲ್ಲಿ ಪೂರ್ತಿ ನಿಷೇಧಿಸಿದ್ದು 1996ರಲ್ಲಿ. ಹಳೆಯ ಹೊಗೆಗೊಳವೆಯ ಬೂದಿಯಲ್ಲಿ ಆ ಸೀಸ ಕುಳಿತಿರುತ್ತದೆ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದು. ಒಣಗಿದ್ದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಎರಡೂ ಎದೆಗೆ ಸೇರುತ್ತವೆ. ಆದ್ದರಿಂದ ಮೊದಲು ನೆನೆಸಿ, ಮುಖಕ್ಕೆ ತಕ್ಕ ಮುಸುಕು ಕಟ್ಟಿ, ಒದ್ದೆ ಬಟ್ಟೆಯಿಂದ ತೆಗೆದರು. ಅನಂತರ ಪ್ಲಾಸ್ಟಿಕ್ಕಿನ ತೊಟ್ಟಿಯಲ್ಲಿ ನೀರು ತುಂಬಿ, ಬಟ್ಟೆ ಒಗೆಯುವ ಸೋಡಾ ಕರಗಿಸಿ, ಮ್ಯಾನಿಫೋಲ್ಡನ್ನು ತೂಗುಬಿಟ್ಟು, ಪಕ್ಕದಲ್ಲಿ ಕೆಲಸಕ್ಕೆ ಬಾರದ ಕಬ್ಬಿಣದ ಪಟ್ಟಿಯೊಂದನ್ನು ಇಳಿಬಿಟ್ಟರು. ಬ್ಯಾಟರಿ ತುಂಬುವ ಯಂತ್ರದ ಋಣ ತಂತಿ ಮ್ಯಾನಿಫೋಲ್ಡಿಗೆ, ಧನ ತಂತಿ ಪಟ್ಟಿಗೆ. ಪಟ್ಟಿ ಸ್ಟೇನ್‌ಲೆಸ್ ಉಕ್ಕಿನದಾಗಿರಕೂಡದು. ಅದರಿಂದ ವಿಷದ ಕ್ರೋಮಿಯಂ ಹೊರಡುತ್ತದೆ. ಜಲಜನಕದ ಗುಳ್ಳೆಗಳು ಏಳುವುದರಿಂದ ಬಾಗಿಲುಗಳನ್ನೆಲ್ಲ ತೆರೆದಿಟ್ಟರು. ಎರಡು ದಿನಗಳಲ್ಲಿ ಕಾವಿಯೆಲ್ಲ ಕಪ್ಪಾಗಿ ಸಡಿಲಿ, ಒರೆಸಿದಾಗ ಒಳಗಿನ ಬೂದುಬಣ್ಣದ ಎರಕ ಹೊರಬಂದಿತು.

ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಬೆರಳಿನಿಂದ ಬಡಿದು ನಾದ ಕೇಳುವಂತೆಯೇ ಎರಕದ ಕಬ್ಬಿಣವನ್ನೂ ಪರೀಕ್ಷಿಸುತ್ತಾರೆ. ತೂಗುಬಿಟ್ಟು ಸುತ್ತಿಗೆಯಿಂದ ತಟ್ಟಿದಾಗ ಎಡದ್ದು ಗಂಟೆಯಂತೆ ನಾದಗೈದಿತು, ಬಲದ್ದು ಬದ್ದೆಂದಿತು. ಎಲ್ಲೋ ಬಿರುಕಿದೆ. ಬರಿಗಣ್ಣಿಗೆ ಕಾಣದ ಬಿರುಕನ್ನು ಹಿಡಿಯುವ ಹಳೆಯ ಉಪಾಯ ಮೇಷ್ಟರಿಗೆ ಒಗ್ಗುವಂಥದೇ ಆಗಿತ್ತು. ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯನ್ನು ತೋಯಿಸಿ, ಕಪ್ಪುಹಲಗೆಯ ಮೇಲೆ ಗೆರೆ ಎಳೆದಂತೆ ತನ್ನ ಗುರುತನ್ನು ತಾನೇ ಬರೆಯಿತು. ಹಿಂದಿನ ಬಾಯಿಯ ಬಳಿ ಎರಡಂಗುಲದ ಬಿರುಕು. ಅಲ್ಲಿ ಹಿಡಿಯುವ ಬೋಲ್ಟಿಲ್ಲದೆ ನಡುಗಿ ನಡುಗಿ ಸೀಳಿತ್ತು.

“ಹೊಸದು ಸಿಕ್ಕುತ್ತದಂತೆ ಅಜ್ಜ, ಇದೇ ಅಚ್ಚಿನಲ್ಲಿ ಮಾಡಿದ್ದು” ಎಂದಳು ಮೊಮ್ಮಗಳು. ನಿಜ, ಈ ಕಾರುಗಳಿಗೆ ಹೊಸ ಎರಕದ ಮ್ಯಾನಿಫೋಲ್ಡುಗಳು ಪೇಟೆಯಲ್ಲಿ ದೊರೆಯುತ್ತವೆ. ಮೇಷ್ಟರು ಉತ್ತರವಾಗಿ ಕಬ್ಬಿಣದ ಮೇಲೆ ಉಬ್ಬಿದ್ದ ಅಕ್ಷರಗಳನ್ನು ತೋರಿಸಿದರು. ಭಾಗದ ಸಂಖ್ಯೆಯ ಬಳಿ ‘ಸಿ 11 6’ ಎಂದಿತ್ತು. ಅಕ್ಷರ ತಿಂಗಳನ್ನೂ, ನಡುವಿನ ಅಂಕೆ ದಿನವನ್ನೂ, ಕೊನೆಯ ಅಂಕೆ ವರ್ಷವನ್ನೂ ಹೇಳುತ್ತದೆ. ಮೂರನೆಯ ತಿಂಗಳು, ಹನ್ನೊಂದನೆಯ ದಿನ, 1966. ಪಂಚಾಂಗ ತಿರುಗಿಸಿದರೆ ಅಂದು ಶುಕ್ರವಾರ, ಕೆಲಸದ ದಿನ.

“ಇದನ್ನು ಮುತ್ತಜ್ಜನೇ ಹೊಯ್ದದ್ದೇ?”

“ಗೊತ್ತಿಲ್ಲ. ಎರಕದ ಮನೆಯಲ್ಲಿ ನೂರಾರು ಜನ. ಸಂಭವನೀಯತೆ ಕಡಿಮೆ” ಎಂದರು ಗಣಿತದ ಮೇಷ್ಟರು. ಸ್ವಲ್ಪ ಹೊತ್ತಿನ ಮೇಲೆ, “ಆದರೆ ಸೊನ್ನೆಯಲ್ಲ” ಎಂದು ಸೇರಿಸಿದರು. ಹೊಸದನ್ನು ಕೊಳ್ಳುವ ಮಾತು ಮತ್ತೆ ಬರಲಿಲ್ಲ.

ಎರಕದ ಕಬ್ಬಿಣವನ್ನು ಬೆಸೆಯುವುದು ಸೂಕ್ಷ್ಮದ ಕೆಲಸ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ, ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಬಿಡುತ್ತದೆ. ಕಮ್ಮಟದ ಮೇಸ್ತ್ರಿ ಬಿರುಕಿನ ಎರಡು ತುದಿಗಳಲ್ಲಿ ಅದು ಮುಂದೆ ಹರಿಯದಂತೆ ಸಣ್ಣ ರಂಧ್ರ ಕೊರೆದ. ಇಡೀ ಮ್ಯಾನಿಫೋಲ್ಡನ್ನು ಕುಲುಮೆಯಲ್ಲಿ ಕಾಯಿಸಿ, ನಿಕ್ಕಲ್ಲಿನ ಕಡ್ಡಿಯಿಂದ ಅಂಗುಲ ಅಂಗುಲವಾಗಿ ಬೆಸೆದ. ಆಮೇಲೆ ಒಣ ಮರಳಿನಲ್ಲಿ ಹೂತು, ಒಂದು ಹಗಲು ಒಂದು ರಾತ್ರಿ ತಾನಾಗಿ ಆರಲು ಬಿಟ್ಟ. ಬಾಣಂತಿಯನ್ನು ಬೆಚ್ಚಗಿಟ್ಟಂತೆ. ಆರಿದ ಮೇಲೆ ಹೆಡ್ಡಿಗೆ ಕೂರುವ ಮುಖದ ಮೇಲೆ ನೇರ ಪಟ್ಟಿಯನ್ನಿಟ್ಟು, ಸಂದಿಯಲ್ಲಿ ತೆಳುತಗಡಿನ ಅಳತೆಗೋಲು ತೂರಿಸಿ ನೋಡಿ, ಬಾಗಿದ್ದಷ್ಟನ್ನೇ ಯಂತ್ರದಲ್ಲಿ ಸವರಿ ಸಮ ಮಾಡಿದ. ಕೊನೆಗೆ ಕಾವು ತಡೆಯುವ, ಎರಕದ ಬಣ್ಣದ್ದೇ ಆದ ಲೇಪ.

ಜೋಡಿಸುವ ದಿನ ಬೋಲ್ಟುಗಳ ಸುತ್ತಿಗೆಲ್ಲ, ಮುಂದೆ ಹಿಡಿದುಕೊಳ್ಳದಿರಲೆಂದು, ನಿಕ್ಕಲ್ಲಿನ ಪುಡಿ ಬೆರೆತ ಜಿಡ್ಡನ್ನು ಹಚ್ಚಿದರು. ಎಲ್ಲವನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತುಗಳಲ್ಲಿ, ಕೈಪಿಡಿ ಹೇಳಿದಷ್ಟೇ ಬಲದಿಂದ ಬಿಗಿದರು. ಬಲಬದಿಯ ಕೊನೆಯ ಬೋಲ್ಟು ಮಾತ್ರ ಉಳಿಯಿತು. ಮೇಷ್ಟರು ಸ್ಪ್ಯಾನರನ್ನು ಮೊಮ್ಮಗಳ ಕೈಗೆ ಕೊಟ್ಟರು.

“ಮುರಿದರೆ?” ಎಂದಳು.

“ಹೇಳು. ಅಷ್ಟೇ.”

ಅದು ಮುರಿಯಲಿಲ್ಲ.

ಎಂಜಿನಿನ ಉಳಿದ ಕೆಲಸಗಳೆಲ್ಲ ಮುಗಿದು, ಶರತ್ಕಾಲದ ಒಂದು ಮುಂಜಾನೆ ಷೆಡ್ಡಿನ ಬಾಗಿಲುಗಳನ್ನು ಹಾರುಹೊಡೆದಿಟ್ಟು ಕಾರನ್ನು ಹೊರಡಿಸಿದರು. ಮೊದಲು ಕೆಮ್ಮಿತು, ಹೊಸ ಲೇಪದ ಹೊಗೆ ಎದ್ದಿತು, ಆಮೇಲೆ ಗಂಭೀರವಾಗಿ ಗುಡುಗಲು ತೊಡಗಿತು. ಮೇಷ್ಟರು ಕಿವಿಗೊಟ್ಟು ನಿಂತರು. ಟಿಕ್ ಟಿಕ್ ಸದ್ದು ಇರಲಿಲ್ಲ. ನಲವತ್ತನಾಲ್ಕು ವರ್ಷಗಳಿಂದ ಎಲ್ಲೋ ಒಳಗೆ ಬಡಿಯುತ್ತಿದ್ದ ಗಡಿಯಾರ ನಿಂತಂತಾಯಿತು. ನಾಲ್ಕಾರು ಸಲ ಕಾಯಿಸಿ ಆರಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಬೀಗದ ತಗಡಿನ ಕಿವಿಗಳನ್ನು ಮೇಷ್ಟರೇ ಮಡಿಸಿದರು. ತಂದೆ ಮಡಿಸಿದ್ದಂತೆ, ನೇರವಾಗಿ. ಹಳೆಯ ಬೋಲ್ಟಿನ ತಲೆಯನ್ನೂ ತಾಮ್ರದ ತಗಡನ್ನೂ ಅವರು ಎಸೆಯಲಿಲ್ಲ. ಅವು ಈಗ ಅವರ ಬರೆಯುವ ಮೇಜಿನ ಮೇಲಿವೆ.

ಡಿಸೆಂಬರಿನಲ್ಲಿ, ಉಪ್ಪು ಬೀಳುವುದಕ್ಕೆ ಮುಂಚೆ, ಪತ್ನಿಯನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಮೇಷ್ಟರು ಊರಿನ ಸುತ್ತ ಒಂದು ಸುತ್ತು ಹೊರಟರು. ಹಳೆಯ ಮನೆಯ ಬೀದಿಗೆ ಬಂದಾಗ, ಕೊರೆಯುವ ಚಳಿಯಲ್ಲಿ, ಅವರ ಎಡಗೈ ತಾನಾಗಿ ಹೋಗಿ ಕಿಟಕಿಯ ಗಾಜನ್ನು ಒಂದಂಗುಲ ಇಳಿಸಿತು.

“ಈಗ ಸೋರುವುದಿಲ್ಲವಲ್ಲ ಅಜ್ಜ, ಗಾಜು ಏಕೆ?” ಎಂದಳು ಹಿಂದಿನಿಂದ ಮೊಮ್ಮಗಳು, ಶಾಲು ಎಳೆದುಕೊಳ್ಳುತ್ತ.

“ಗಾಳಿಗೆ” ಎಂದರು ಮೇಷ್ಟರು.